ಬಾತ್‌ಟಬ್‌ನ ಓವರ್‌ಫ್ಲೋ ಸೋರಿಕೆ: ದೋಷವನ್ನು ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಬಾತ್‌ಟಬ್ ಇರುವ ಸ್ನಾನದ ಕೋಣೆಯ ಕೆಳಗಿನ ಸೀಲಿಂಗ್‌ನಲ್ಲಿ ಕಂದುಬಣ್ಣದ ಕಲೆ ಮೂಡಿದಾಗ, ಅಥವಾ ಟಬ್ಬಿನ ಬುಡದ ನೆಲ ಕಾರಣ ತಿಳಿಯದೆ ಒದ್ದೆಯಾಗುತ್ತಿರುವಾಗ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಹೊರಡುವುದು ಸಹಜ. ಆದರೆ ಸೋರಿದ ನೀರು ಸೋರಿದ ಜಾಗದಲ್ಲಿಯೇ ತೊಟ್ಟಿಕ್ಕುವುದು ಅಪರೂಪ. ಅದು ಪೈಪಿನ ಹೊರಮೈಯನ್ನೋ ತೊಲೆಯ ಅಂಚನ್ನೋ ಹಿಡಿದು ಹರಿದು, ತಗ್ಗು ಸಿಕ್ಕಿದಲ್ಲಿ ಕೆಳಗಿಳಿಯುತ್ತದೆ. ಹೀಗಾಗಿ ಕಲೆಯ ಜಾಗವನ್ನು ನಂಬಿ ಟೈಲ್ಸ್ ಒಡೆಯುವುದಕ್ಕಿಂತ, ನೀರು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸುವುದು ಹೆಚ್ಚು ಫಲ ಕೊಡುತ್ತದೆ. ಟಬ್ಬಿನ ಒಂದೊಂದು ಜೋಡಣೆಗೂ ನೀರು ತಾಗುವ ಹೊತ್ತು ಬೇರೆ ಬೇರೆ: ಕೆಲವು ಟಬ್ ತುಂಬಿ ನಿಂತಾಗ ಒದ್ದೆಯಾಗುತ್ತವೆ, ಕೆಲವು ನೀರು ಹೊರಹೋಗುವಾಗ ಮಾತ್ರ, ಇನ್ನು ಕೆಲವು ನೀರು ಓವರ್‌ಫ್ಲೋ ತೂತಿನ (ಹೆಚ್ಚಾದ ನೀರು ಟಬ್ಬಿನ ಅಂಚು ದಾಟದಂತೆ ಹೊರಬಿಡುವ ತೂತು) ಮಟ್ಟಕ್ಕೆ ಏರಿದಾಗ ಮಾತ್ರ. ಈ ವ್ಯತ್ಯಾಸವನ್ನೇ ಆಧಾರವಾಗಿಟ್ಟುಕೊಂಡರೆ ಗೋಡೆಯನ್ನೂ ಸೀಲಿಂಗನ್ನೂ ಮುಟ್ಟದೆ ದೋಷವನ್ನು ಒಂದೆರಡು ಜೋಡಣೆಗಳಿಗೆ ಸೀಮಿತಗೊಳಿಸಬಹುದು.

ಓವರ್‌ಫ್ಲೋ ಹೇಗೆ ಜೋಡಣೆಗೊಂಡಿದೆ

ಟಬ್ಬಿನ ಒಂದು ತುದಿಯ ಗೋಡೆಯಲ್ಲಿ, ಮೇಲಂಚಿಗಿಂತ ಕೆಲವು ಇಂಚು ಕೆಳಗೆ ಓವರ್‌ಫ್ಲೋ ತೂತು ಇರುತ್ತದೆ. ಒಳಗಿನಿಂದ ನಮಗೆ ಕಾಣುವುದು ಒಂದು ಅಥವಾ ಎರಡು ಸ್ಕ್ರೂಗಳಿಂದ ಕೂತಿರುವ ದುಂಡನೆಯ ಲೋಹದ ಮುಚ್ಚಳ. ಟಬ್ಬಿನ ಗೋಡೆಯ ಆಚೆ ಬದಿಯಲ್ಲಿ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಪೈಪಿನ ತುಂಡು) ಇದ್ದು, ಅದರ ಬಾಯಿಗೂ ಟಬ್ಬಿನ ಹಿಂಬದಿಗೂ ನಡುವೆ ರಬ್ಬರಿನ ಅಥವಾ ಸ್ಪಂಜಿನಂತಹ ವಸ್ತುವಿನ ದಪ್ಪ ಗ್ಯಾಸ್ಕೆಟ್ (ಸಂದು ಮುಚ್ಚುವ ಬಳೆ) ಸಿಕ್ಕಿಕೊಂಡಿರುತ್ತದೆ. ಮುಚ್ಚಳದ ಸ್ಕ್ರೂಗಳು ಟಬ್ಬಿನ ತೂತಿನ ಮೂಲಕ ಹಾದು ಈ ಎಲ್ಬೋವನ್ನು ತಮ್ಮತ್ತ ಎಳೆದು, ಗ್ಯಾಸ್ಕೆಟನ್ನು ಟಬ್ಬಿನ ಹಿಂಬದಿಗೆ ಒತ್ತುತ್ತವೆ. ಎಲ್ಬೋದಿಂದ ಕೆಳಗಿಳಿಯುವ ಪೈಪು ಟಬ್ಬಿನ ತಳದ ಡ್ರೇನ್‌ನಿಂದ ಬರುವ ಅಡ್ಡಪೈಪಿನೊಂದಿಗೆ ಒಂದು ಟೀಯಲ್ಲಿ (T ಆಕಾರದ ಜೋಡಣೆ) ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಟ್ರ್ಯಾಪ್ (ದುರ್ವಾಸನೆ ಮೇಲೆ ಬರದಂತೆ ನೀರು ನಿಲ್ಲಿಸಿಕೊಳ್ಳುವ ಬಾಗಿದ ಪೈಪು), ಆಮೇಲೆ ಮನೆಯ ಒಳಚರಂಡಿ ಪೈಪು. ಕೆಲವು ಟಬ್ಬುಗಳಲ್ಲಿ ಗಟ್ಟಿ ಪೈಪಿನ ಬದಲು ಸುಕ್ಕುಸುಕ್ಕಾದ ಬಾಗುವ ಪ್ಲಾಸ್ಟಿಕ್ ಪೈಪು ಇರುತ್ತದೆ, ಆದರೆ ನೀರಿನ ದಾರಿ ಅದೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀರನ್ನು ತಡೆಯುವ ಕೆಲಸ ಮುಚ್ಚಳದ್ದಲ್ಲ, ಗ್ಯಾಸ್ಕೆಟ್‌ನದು. ಮುಚ್ಚಳದ ಕೆಳಭಾಗದಲ್ಲಿ ಬಿಟ್ಟಿರುವ ಸೀಳಿನ ಮೂಲಕ ನೀರು ಒಳಹೋಗಲೇಬೇಕು, ಅದಕ್ಕಾಗಿಯೇ ಅದು ಅಲ್ಲಿದೆ. ಸೋರುತ್ತಿದೆ ಎಂದ ಕೂಡಲೇ ಸಿಲಿಕೋನ್ ಟ್ಯೂಬ್ ತಂದು ಮುಚ್ಚಳದ ಸುತ್ತ ಬಳಿಯುವುದು ಅತ್ಯಂತ ಜನಪ್ರಿಯವಾದ ಮತ್ತು ಅತ್ಯಂತ ನಿರರ್ಥಕವಾದ ಪರಿಹಾರ. ಸುತ್ತಲೂ ಬಳಿದು ಸೀಳನ್ನು ಬಿಟ್ಟರೆ ನೀರು ಸೀಳಿನಿಂದ ಹೋಗಿ ಹಳೆಯ ಗ್ಯಾಸ್ಕೆಟಿನ ಬಳಿಯೇ ಸೋರುತ್ತದೆ. ಸೀಳನ್ನೂ ಮುಚ್ಚಿದರೆ ನಲ್ಲಿ ತೆರೆದು ಮರೆತ ದಿನ ನೀರು ಟಬ್ಬಿನ ಅಂಚು ದಾಟಿ ಕೋಣೆಗೆ ಬರುತ್ತದೆ.

ಗ್ಯಾಸ್ಕೆಟ್ ಹಾಳಾಗುವುದಕ್ಕೆ ಅತಿಯಾದ ಬಳಕೆಯೇ ಬೇಕಾಗಿಲ್ಲ. ವರ್ಷಗಟ್ಟಲೆ ಒತ್ತಡದಲ್ಲಿ ಒಣಗಿ ಕೂತ ರಬ್ಬರ್ ಪುಟಿಯುವ ಗುಣವನ್ನು ಕಳೆದುಕೊಂಡು ಗಡುಸಾಗುತ್ತದೆ, ಅಂಚುಗಳಲ್ಲಿ ಬಿರುಕು ಬಿಡುತ್ತದೆ. ಸ್ಪಂಜಿನ ಬಗೆಯದು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ಟಬ್ಬುಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಅವು ಭಾರಕ್ಕೆ ಸ್ವಲ್ಪ ಬಾಗುತ್ತವೆ, ಆದರೆ ಹಿಂದಿನ ಪೈಪು ಅಲುಗಾಡದೆ ನಿಂತಿರುತ್ತದೆ. ಮೃದುವಾದ ಗ್ಯಾಸ್ಕೆಟ್ ಈ ಅಲುಗಾಟವನ್ನು ತುಂಬಿಕೊಡುತ್ತದೆ. ಗಡುಸಾದದ್ದು ಸಂದು ಬಿಡುತ್ತದೆ.

ಖಾಲಿ ಟಬ್ಬಿನ ಪರೀಕ್ಷೆ ಏಕೆ ಸಾಲದು

ಯಾರೂ ಒಳಗೆ ಕೂರದೆ ಟಬ್ ತುಂಬಿಸಿ ನೋಡಿದರೆ ಒಂದು ಹನಿಯೂ ಬೀಳುವುದಿಲ್ಲ, ಮನೆಯವರು ಸ್ನಾನ ಮಾಡಿದ ದಿನ ಮಾತ್ರ ಸೀಲಿಂಗ್ ಒದ್ದೆಯಾಗುತ್ತದೆ. ಓವರ್‌ಫ್ಲೋ ದೋಷದ ವಿಷಯದಲ್ಲಿ ಇದು ಪದೇ ಪದೇ ಕೇಳಿಬರುವ ದೂರು, ಮತ್ತು ಅದಕ್ಕೆ ಸರಳವಾದ ಕಾರಣವಿದೆ. ನೀರಿನ ಹರವು 1.4 ಮೀಟರ್ ಉದ್ದ, 55 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳೋಣ. ಒಬ್ಬರು ಒರಗಿ ಕುಳಿತಾಗ ದೇಹದ 45 ಲೀಟರಿನಷ್ಟು ಭಾಗ ನೀರಿನಲ್ಲಿ ಮುಳುಗಿದರೆ ನೀರಿನ ಮಟ್ಟ ಸುಮಾರು 6 ಸೆಂ.ಮೀ. ಏರುತ್ತದೆ. ಖಾಲಿ ಟಬ್ಬಿನಲ್ಲಿ ಓವರ್‌ಫ್ಲೋಗಿಂತ ಮೂರು ಬೆರಳು ಕೆಳಗೆ ನಿಂತಿದ್ದ ನೀರು ಈಗ ಗ್ಯಾಸ್ಕೆಟ್‌ನ ಮಟ್ಟವನ್ನು ಮುಟ್ಟುತ್ತದೆ. ಜೊತೆಗೆ ಆ ವ್ಯಕ್ತಿ ಸರಿದಾಡುವಾಗ ಟಬ್ಬಿನ ಗೋಡೆಯೂ ಅಲುಗುತ್ತದೆ. ಆದ್ದರಿಂದ ಪ್ಲಂಬರ್ ಬಂದು ಖಾಲಿ ಟಬ್ ತುಂಬಿಸಿ ಏನೂ ತೊಂದರೆಯಿಲ್ಲ ಎಂದು ಹೇಳಿ ಹೋದರೆ ಅವರು ತಪ್ಪು ಹೇಳಿದರು ಎಂದಲ್ಲ. ಸೋರುವ ಪರಿಸ್ಥಿತಿಯನ್ನು ಆ ಪರೀಕ್ಷೆ ಉಂಟುಮಾಡಲೇ ಇಲ್ಲ ಎಂದಷ್ಟೇ ಅರ್ಥ.

ಪರೀಕ್ಷೆಯ ಕ್ರಮ

ಪರೀಕ್ಷೆಗಳನ್ನು ಕೆಳಗಿನಿಂದ ಮೇಲಕ್ಕೆ ನಡೆಸಬೇಕು, ಒಂದರ ಫಲಿತಾಂಶ ಖಚಿತವಾಗುವವರೆಗೆ ಇನ್ನೊಂದನ್ನು ಆರಂಭಿಸಬಾರದು. ಮೊದಲು ಟಬ್ಬಿನ ಸುತ್ತಲಿನ ನೆಲ, ಮತ್ತು ಟಬ್ಬಿನ ಹಿಂದೆ ಕಿಂಡಿಬಾಗಿಲು ಇದ್ದರೆ ಅದರೊಳಗಿನ ಪೈಪುಗಳನ್ನು ಒಣಬಟ್ಟೆಯಿಂದ ಒರೆಸಿ, ಪ್ರತಿ ಜೋಡಣೆಯ ಕೆಳಗೆ ಒಣ ಟಿಶ್ಯೂ ಕಾಗದ ಇಡಬೇಕು. ಬೆರಳಿಗೆ ತಿಳಿಯದ ತೇವವೂ ಕಾಗದದ ಮೇಲೆ ಎದ್ದು ಕಾಣುತ್ತದೆ. ಕಿಂಡಿ ಇಲ್ಲದಿದ್ದರೆ ಕೆಳಗಿನ ಸೀಲಿಂಗ್‌ನ ಕಲೆಯೇ ಸಾಕ್ಷಿ. ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡಬೇಕು. ಕಲೆಯ ಹತ್ತಿರ ವಿದ್ಯುದ್ದೀಪವಿದ್ದರೆ ಪರೀಕ್ಷೆಗೆ ಮುನ್ನವೇ ಆ ಸಂಪರ್ಕದ ಬ್ರೇಕರ್ ಇಳಿಸುವುದು ಕಡ್ಡಾಯ.

ನೀರು ಪೂರೈಕೆಯ ಪೈಪು ನಿರ್ದೋಷಿಯೇ ಎಂದು ಮೊದಲು ತಿಳಿಯಬೇಕು. ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಶೌಚಾಲಯದ ಫ್ಲಶ್ ಟ್ಯಾಂಕ್ ತುಂಬಿ ನಿಂತ ಮೇಲೆ, ಒಂದು ಗಂಟೆಯ ಅಂತರದಲ್ಲಿ ನೀರಿನ ಮೀಟರ್ ನೋಡಿದರೆ ಸಾಕು. ಮೀಟರ್ ಓಡಿದ್ದರೆ, ಅಥವಾ ಟಬ್ ಬಳಸದ ದಿನಗಳಲ್ಲಿಯೂ ತೇವ ಹೆಚ್ಚುತ್ತಿದ್ದರೆ, ಒತ್ತಡದಲ್ಲಿರುವ ಪೈಪು ಸೋರುತ್ತಿರುವ ಸಂಭವವೇ ಹೆಚ್ಚು. ಆಗ ಓವರ್‌ಫ್ಲೋವನ್ನು ಬಿಚ್ಚಿ ಪ್ರಯೋಜನವಿಲ್ಲ.

ಅನಂತರ ಬಿರಡೆ ಹಾಕಿ, ಓವರ್‌ಫ್ಲೋ ತೂತಿಗಿಂತ ಐದು ಸೆಂ.ಮೀ. ಕೆಳಗಿನವರೆಗೆ ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಸರಿಯಾಗಿ ಟೇಪಿನ ಗುರುತು ಅಂಟಿಸಬೇಕು. ನೀರು ಬಿಡುವಾಗ ಮುಚ್ಚಳದ ಮೇಲೆ ಸಿಡಿಯದಂತೆ ನೋಡಿಕೊಳ್ಳುವುದು ಮುಖ್ಯ, ಇಲ್ಲವಾದರೆ ಪರೀಕ್ಷೆ ಕೆಡುತ್ತದೆ. ಒಂದು ಗಂಟೆ ಬಿಟ್ಟು ನೋಡಿದಾಗ ಕಾಗದ ಒದ್ದೆಯಾಗಿದ್ದರೆ ಟಬ್ಬಿನ ತಳದ ಡ್ರೇನ್ ಉಂಗುರದ ಸೀಲು ಕೆಟ್ಟಿದೆ ಎಂದು ತಿಳಿಯಬಹುದು. ನೀರಿನ ಮಟ್ಟ ಇಳಿದಿದ್ದು ಕಾಗದ ಒಣಗಿಯೇ ಇದ್ದರೆ ಬಿರಡೆ ಸರಿಯಾಗಿ ಕೂರುತ್ತಿಲ್ಲ ಎಂದಷ್ಟೇ; ಆ ನೀರು ಒಳಚರಂಡಿಗೇ ಹೋಗಿರುತ್ತದೆ. ಮುಚ್ಚಳದ ಮೇಲಿನ ಲಿವರ್ ಎಳೆದಾಗ ಪೈಪಿನೊಳಗಿನ ಲೋಹದ ಗುಂಡು ಇಳಿದು ದಾರಿ ಮುಚ್ಚುವ ಹಳೆಯ ವ್ಯವಸ್ಥೆಯಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಟಬ್ಬಿನ ತಳದಲ್ಲಿ ಬಿರಡೆಯೇ ಇರುವುದಿಲ್ಲ, ಟಬ್ ತುಂಬಿರುವಷ್ಟು ಹೊತ್ತೂ ಕೆಳಗಿನ ಅಡ್ಡಪೈಪಿನಲ್ಲಿ ನೀರು ನಿಂತಿರುತ್ತದೆ, ಆದ್ದರಿಂದ ಆ ಪೈಪಿನ ಜೋಡಣೆಗಳನ್ನೂ ಅನುಮಾನಿಸಬೇಕು.

ಈಗ ಬಿರಡೆ ತೆಗೆದು ಅಷ್ಟೂ ನೀರನ್ನು ಒಂದೇ ಸಲ ಹೊರಬಿಡಬೇಕು. ಈ ಹಂತದಲ್ಲಿ ತೇವ ಕಾಣಿಸಿಕೊಂಡರೆ ದೋಷ ಟೀ, ಟ್ರ್ಯಾಪ್ ಅಥವಾ ಅವುಗಳ ನಡುವಿನ ನಟ್ಟುಗಳಲ್ಲಿದೆ. ನೀರು ನಿಧಾನವಾಗಿ ಹೋಗುತ್ತಿದ್ದರೆ ಇನ್ನೊಂದು ಸೂಕ್ಷ್ಮವಿದೆ: ಮುಂದೆ ಕೂದಲು, ಸೋಪಿನ ಜಿಡ್ಡು ಕಟ್ಟಿಕೊಂಡಿರುವಾಗ ನೀರು ಟೀಯಿಂದ ಹಿಮ್ಮೆಟ್ಟಿ ಓವರ್‌ಫ್ಲೋ ಪೈಪಿನೊಳಗೆ ಮೇಲೇರುತ್ತದೆ, ಸಾಮಾನ್ಯವಾಗಿ ಒಣಗಿಯೇ ಇರುವ ಮೇಲಿನ ಜೋಡಣೆ ಆಗ ಒದ್ದೆಯಾಗುತ್ತದೆ. ಆದ್ದರಿಂದ ಕಟ್ಟಿದ್ದನ್ನು ಬಿಡಿಸಿ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ ಮೇಲೆಯೇ ಮುಂದಕ್ಕೆ ಹೋಗಬೇಕು.

ಇಷ್ಟರಲ್ಲಿ ಎಲ್ಲವೂ ಒಣಗಿಯೇ ಉಳಿದಿದ್ದರೆ ಅನುಮಾನ ಓವರ್‌ಫ್ಲೋ ಕಡೆಗೆ ತಿರುಗುತ್ತದೆ. ಪುನಃ ಟಬ್ ತುಂಬಿಸಿ, ನೀರು ಮುಚ್ಚಳದ ಸೀಳಿನಿಂದ ಒಳಹರಿಯಲು ಆರಂಭಿಸಿದ ಮೇಲೆ ನಲ್ಲಿಯನ್ನು ಸಣ್ಣಗೆ ಬಿಟ್ಟು ಹತ್ತು ನಿಮಿಷ ಹಾಗೆಯೇ ಇರಿಸಬೇಕು. ನಲ್ಲಿಯನ್ನು ಪೂರ್ತಿ ತೆರೆಯಬಾರದು. ಬಹಳಷ್ಟು ಟಬ್ಬುಗಳ ಓವರ್‌ಫ್ಲೋ, ಪೂರ್ತಿ ತೆರೆದ ನಲ್ಲಿಯ ನೀರನ್ನು ಅದೇ ವೇಗದಲ್ಲಿ ಹೊರಸಾಗಿಸಲಾರದು, ನೀರು ಅಂಚು ಮೀರಿ ನೆಲಕ್ಕೆ ಬಂದರೆ ಯಾವ ತೇವ ಎಲ್ಲಿಯದು ಎಂದು ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿಯೂ ಏನೂ ಕಾಣದಿದ್ದರೆ ಯಾರಾದರೂ ಟಬ್ಬಿನೊಳಗೆ ಕುಳಿತು, ಓವರ್‌ಫ್ಲೋ ಇರುವ ತುದಿಯ ಕಡೆಗೆ ಸರಿದು ಪರೀಕ್ಷೆಯನ್ನು ಮುಂದುವರಿಸಬೇಕು.

ತೇವ ಕಂಡಿತು ಎಂದರೂ ಕೆಲಸ ಮುಗಿಯಲಿಲ್ಲ. ಗ್ಯಾಸ್ಕೆಟ್ ಸೋರುತ್ತಿದೆಯೋ ಪೈಪು ಸೋರುತ್ತಿದೆಯೋ ಎಂಬುದನ್ನು ಬೇರ್ಪಡಿಸಬೇಕು, ಏಕೆಂದರೆ ಮೊದಲನೆಯದನ್ನು ಟಬ್ಬಿನ ಒಳಗಿನಿಂದಲೇ ಸರಿಪಡಿಸಬಹುದು, ಎರಡನೆಯದಕ್ಕೆ ಹಿಂಬದಿಯ ದಾರಿ ಬೇಕೇ ಬೇಕು. ಟಬ್ ಖಾಲಿ ಮಾಡಿ, ಮುಚ್ಚಳ ಬಿಚ್ಚಿ, ಎಲ್ಲವನ್ನೂ ಮತ್ತೆ ಒಣಗಿಸಿದ ಬಳಿಕ ತೆಳುವಾದ ಮೆದುಪೈಪನ್ನು ಎಲ್ಬೋದೊಳಗೆ ಆಳವಾಗಿ ತೂರಿಸಿ, ಅಂಚಿಗೆ ತಾಗದಂತೆ ನೀರು ಬಿಡಬೇಕು. ಕಾಗದ ಒದ್ದೆಯಾದರೆ ಇಳಿಪೈಪು ತೂತಾಗಿದೆ ಅಥವಾ ಟೀಯ ಮೇಲಿನ ಬಾಯಿಯ ನಟ್ಟು ಸಡಿಲವಾಗಿದೆ. ಟೀಯ ಉಳಿದ ಜೋಡಣೆಗಳು ಹಿಂದಿನ ಪರೀಕ್ಷೆಯಲ್ಲಿಯೇ ತೇರ್ಗಡೆಯಾಗಿವೆ. ಕಾಗದ ಒಣಗಿಯೇ ಇದ್ದರೆ ನೀರನ್ನು ತೂತಿನ ಕೆಳಗಿನ ಅಂಚಿನ ಮೇಲೆ ನಿಧಾನವಾಗಿ ಸುರಿಯಬೇಕು. ಆಗ ತೇವ ಬಂದರೆ ಗ್ಯಾಸ್ಕೆಟ್ ಎಂಬುದರಲ್ಲಿ ಸಂದೇಹವಿಲ್ಲ. ಎರಡು ಸಲದ ನೀರಿಗೂ ಬೇರೆ ಬೇರೆ ಅಡುಗೆ ಬಣ್ಣದ ಕೆಲವು ಹನಿ ಬೆರೆಸಿದರೆ, ಕಾಗದದ ಮೇಲಿನ ಕಲೆ ಯಾವ ಸುತ್ತಿನದು ಎಂದು ಗೊಂದಲವಾಗುವುದಿಲ್ಲ.

ಶವರ್ ಬಳಸಿದಾಗ ಮಾತ್ರ ಸೋರುವ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಟೈಲ್ಸ್ ಸಂದುಗಳ ಮೇಲೋ ಟಬ್ಬಿನ ಅಂಚಿನ ಸೀಲಿನ ಮೇಲೋ ಆರೋಪ ಹೊರಿಸಲಾಗುತ್ತದೆ. ಅದು ನಿಜವಿರಬಹುದು. ಆದರೆ ಗೋಡೆಯ ಮೇಲೆ ಇಳಿಯುವ ಶವರ್ ನೀರು ಮುಚ್ಚಳದ ಹಿಂದೆಯೂ ಸೇರುತ್ತದೆ, ಮುಚ್ಚಳವನ್ನು ಯಾರಾದರೂ ಸೀಳು ಮೇಲೆ ಬರುವಂತೆ ತಲೆಕೆಳಗಾಗಿ ಕೂರಿಸಿದ್ದರೆ ಇನ್ನೂ ಹೆಚ್ಚು ಸೇರುತ್ತದೆ. ಮುಚ್ಚಳವನ್ನು ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಿಂದ ಪೂರ್ತಿ ಮುಚ್ಚಿ ಒಮ್ಮೆ ಶವರ್ ಸ್ನಾನ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಸೋರಿಕೆ ನಿಂತರೆ ದೋಷ ಇಲ್ಲಿಯದೇ. ಪರೀಕ್ಷೆ ಮುಗಿದೊಡನೆ ಆ ಟೇಪನ್ನು ಕಿತ್ತುಹಾಕಬೇಕು.

ಗ್ಯಾಸ್ಕೆಟ್ ಬದಲಾಯಿಸುವುದು

ಕೆಲಸ ಆರಂಭಿಸುವ ಮೊದಲು ಟಬ್ಬಿನ ಡ್ರೇನ್ ತೂತಿಗೆ ಬಟ್ಟೆ ತುರುಕಿದರೆ ಜಾರಿದ ಸ್ಕ್ರೂ ಟ್ರ್ಯಾಪಿಗೆ ಬೀಳುವುದಿಲ್ಲ. ತುಕ್ಕು ಹಿಡಿದ ಸ್ಕ್ರೂವಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಕಾಯಬೇಕು. ಬಲವಂತ ಮಾಡಿದರೆ ಸ್ಕ್ರೂವಿನ ತಲೆ ಹಾಳಾಗುತ್ತದೆ, ಇಲ್ಲವೇ ಹಿಂದಿನ ಎಲ್ಬೋದ ಥ್ರೆಡ್ ಕಿತ್ತುಬರುತ್ತದೆ. ಲಿವರ್ ಇರುವ ಮುಚ್ಚಳಕ್ಕೆ ಒಳಗೆ ಉದ್ದನೆಯ ಕಡ್ಡಿ ಸೇರಿಕೊಂಡಿರುತ್ತದೆ, ಅದನ್ನು ಬಾಗಿಸದೆ ನಿಧಾನವಾಗಿ ಎಳೆದು ಹೊರತೆಗೆಯಬೇಕು. ಕಡ್ಡಿಯ ಉದ್ದವನ್ನು ಹೊಂದಿಸುವ ನಟ್ಟನ್ನು ಕದಲಿಸದಿದ್ದರೆ ಮರಳಿ ಜೋಡಿಸುವಾಗ ಹೊಸದಾಗಿ ಅಳತೆ ಮಾಡುವ ಕಷ್ಟ ತಪ್ಪುತ್ತದೆ.

ಟಾರ್ಚ್ ಬಿಟ್ಟು ನೋಡಿದರೆ ತೂತಿನ ಅಂಚಿನ ಹಿಂದೆ ಗ್ಯಾಸ್ಕೆಟ್ ಕಾಣುತ್ತದೆ. ಬೆರಳಿನಿಂದ ಒತ್ತಿದಾಗ ತಗ್ಗದೆ ಗಟ್ಟಿಯಾಗಿ ನಿಂತರೆ, ಚಕ್ಕೆಯಾಗಿ ಉದುರಿದರೆ ಅಥವಾ ಒಂದು ಬದಿಗೆ ಜಾರಿಹೋಗಿದ್ದರೆ ಬದಲಾಯಿಸುವುದೊಂದೇ ದಾರಿ. ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿ ನೋಡಬಹುದೇ ಎಂದು ಕೇಳುವವರಿದ್ದಾರೆ. ರಬ್ಬರ್ ಇನ್ನೂ ಮೃದುವಾಗಿದ್ದು ಸ್ಕ್ರೂಗಳು ನಿಜಕ್ಕೂ ಸಡಿಲಗೊಂಡಿದ್ದರೆ ಅದರಿಂದ ಸರಿಹೋದೀತು. ಗಡುಸಾದ ರಬ್ಬರನ್ನು ಎಷ್ಟು ಅದುಮಿದರೂ ಅದು ಸಂದನ್ನು ತುಂಬುವುದಿಲ್ಲ, ಬಿಗಿತವೆಲ್ಲ ಟಬ್ಬಿನ ಗೋಡೆಯ ಮೇಲೆ ಬಿದ್ದು ಅಕ್ರಿಲಿಕ್ ಬಿರಿಯುವ ಅಥವಾ ಎನಾಮಲ್ ಸಿಡಿಯುವ ಅಪಾಯವಿದೆ. ಇಲ್ಲಿ ತಡೆಯಬೇಕಾದ ಒತ್ತಡವಾದರೂ ಎಷ್ಟು? ನೀರು ಗ್ಯಾಸ್ಕೆಟ್‌ಗಿಂತ 10 ಸೆಂ.ಮೀ. ಮೇಲೆ ನಿಂತರೂ ಸುಮಾರು ಒಂದು ಕಿಲೋಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲು. ಅದನ್ನು ತಡೆಯಲು ಮೃದುತ್ವ ಬೇಕು, ಬಲವಲ್ಲ.

ಹಳೆಯ ಗ್ಯಾಸ್ಕೆಟನ್ನು ತೂತಿನ ಮೂಲಕ ಮೂತಿ ಚೂಪಾದ ಇಕ್ಕುಳದಿಂದ ತುಂಡು ತುಂಡಾಗಿ ಎಳೆದು ತೆಗೆಯಬಹುದು. ಎಲ್ಬೋ ಕೊಂಚ ಹಿಂದಕ್ಕೆ ಸರಿಯುತ್ತದೆ, ಆ ಸಂದಿನಲ್ಲಿಯೇ ಕೆಲಸ ಸಾಗಬೇಕು. ಅದನ್ನು ಹೆಚ್ಚು ತಳ್ಳಿದರೆ ಕೆಳಗಿನ ಜೋಡಣೆ ಸಡಿಲಗೊಂಡು ಹೊಸದೊಂದು ಸೋರಿಕೆ ಶುರುವಾಗುತ್ತದೆ. ಟಬ್ಬಿನ ಹಿಂಬದಿಯನ್ನೂ ಎಲ್ಬೋದ ಬಾಯಿಯನ್ನೂ ಬೆರಳಿಗೆ ಬಟ್ಟೆ ಸುತ್ತಿ ಚೆನ್ನಾಗಿ ಉಜ್ಜಿ, ಅಂಟಿಕೊಂಡ ಹಳೆಯ ರಬ್ಬರ್ ಮತ್ತು ಗಡಸುನೀರಿನ ಬಿಳಿ ಪದರ ಉಳಿಯದಂತೆ ನೋಡಿಕೊಳ್ಳಬೇಕು. ಬಿಳಿ ಪದರಕ್ಕೆ ವಿನೆಗರ್ ಸಾಕಾಗುತ್ತದೆ.

ಹೊಸ ಗ್ಯಾಸ್ಕೆಟ್ ಕೊಳ್ಳುವಾಗ ಹಳೆಯದರ ಚೂರುಗಳನ್ನು ಜೊತೆಗೆ ಒಯ್ಯುವುದು ಜಾಣತನ. ಇಳಿಜಾರು ಗೋಡೆಯ ಟಬ್ಬುಗಳಿಗೆ ಬೆಣೆಯಾಕಾರದ, ಒಂದು ಬದಿ ದಪ್ಪ ಇನ್ನೊಂದು ಬದಿ ತೆಳುವಾದ ಗ್ಯಾಸ್ಕೆಟ್ ಬೇಕಾಗುತ್ತದೆ, ಮತ್ತು ದಪ್ಪ ಬದಿ ಸಾಮಾನ್ಯವಾಗಿ ಕೆಳಗೆ ಬರಬೇಕು. ಟಬ್ಬಿನ ಗೋಡೆ ಮೇಲಕ್ಕೆ ಹೋದಂತೆ ಹೊರಕ್ಕೆ ವಾಲಿರುತ್ತದೆ, ಎಲ್ಬೋ ಮಾತ್ರ ನೆಟ್ಟಗೆ ನಿಂತಿರುತ್ತದೆ. ಹೀಗಾಗಿ ಇವೆರಡರ ನಡುವಿನ ಸಂದು ಕೆಳಭಾಗದಲ್ಲಿಯೇ ಅಗಲ. ಇದನ್ನು ತಿರುವುಮುರುವಾಗಿ ಹಾಕಿದರೆ ನೀರು ಮೊದಲು ತಾಗುವ ಕೆಳಗಿನ ಅಂಚಿನಲ್ಲಿಯೇ ಸಂದು ಉಳಿಯುತ್ತದೆ. ಗ್ಯಾಸ್ಕೆಟನ್ನು ಮಡಚಿ ತೂತಿನ ಮೂಲಕ ತೂರಿಸಿ, ಆಚೆ ಬದಿಯಲ್ಲಿ ಬಿಡಿಸಿ, ಎಲ್ಬೋದ ಬಾಯಿಯ ಸುತ್ತ ಸಮನಾಗಿ ಕೂರಿಸಬೇಕು. ಜಾರಲು ಸೋಪಿನ ನೀರು ಸವರಿದರೆ ಸಾಕು. ಎಣ್ಣೆಯಂಶವಿರುವ ಪುಟ್ಟಿ ಇಲ್ಲಿ ಬೇಡ, ಅದು ಕೆಲವು ಪ್ಲಾಸ್ಟಿಕ್‌ಗಳನ್ನು ಕಾಲಕ್ರಮದಲ್ಲಿ ಕೆಡಿಸುತ್ತದೆ.

ಮುಚ್ಚಳವನ್ನು ಸೀಳು ಕೆಳಗೆ ಬರುವಂತೆ ಹಿಡಿದು, ಎರಡೂ ಸ್ಕ್ರೂಗಳನ್ನು ಮೊದಲು ಕೈಯಿಂದಲೇ ಹಿಡಿಸಿ, ಬಳಿಕ ಒಂದಕ್ಕೆ ಅರ್ಧ ಸುತ್ತು ಇನ್ನೊಂದಕ್ಕೆ ಅರ್ಧ ಸುತ್ತು ಎಂಬಂತೆ ಬಿಗಿ ಮಾಡಬೇಕು. ಗ್ಯಾಸ್ಕೆಟ್ ಅದುಮಿಕೊಂಡು ಮುಚ್ಚಳ ಅಲುಗಾಡದಷ್ಟು ಬಿಗಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಸ್ಕ್ರೂ ಎಲ್ಬೋವನ್ನು ತಲುಪುತ್ತಿಲ್ಲ ಎಂದಾದರೆ ಅದೇ ಥ್ರೆಡ್ಡಿನ ಸ್ವಲ್ಪ ಉದ್ದನೆಯ ಸ್ಕ್ರೂ ತರಬೇಕೇ ಹೊರತು ಮುಚ್ಚಳವನ್ನು ಒತ್ತಿ ಒತ್ತಿ ಹಿಡಿಸಬಾರದು. ಇತ್ತೀಚಿನ ಕೆಲವು ಟಬ್ಬುಗಳಲ್ಲಿ ಸ್ಕ್ರೂಗಳ ಬದಲು ಟಬ್ಬಿನ ಒಳಗಿನಿಂದ ತಿರುಗಿಸುವ ದೊಡ್ಡ ನಟ್ಟು ಇದ್ದು, ಮುಚ್ಚಳ ಅದರ ಮೇಲೆ ಸುಮ್ಮನೆ ಒತ್ತಿ ಕೂರುತ್ತದೆ. ಅಲ್ಲಿಯೂ ತತ್ತ್ವ ಇದೇ.

ದೋಷ ಪೈಪಿನಲ್ಲಿದ್ದರೆ

ಹಿಂಬದಿಯ ಕಿಂಡಿಯಿಂದ ಕೈ ಹೋಗುವಂತಿದ್ದರೆ ಮೇಲಿನ ನಟ್ಟನ್ನು ಬಿಚ್ಚಿ ಒಳಗಿನ ವಾಷರ್ ನೋಡಬೇಕು. ಇಳಿಜಾರು ಅಂಚಿನ ವಾಷರ್ ಆದರೆ ಆ ಅಂಚು ನಟ್ಟಿನ ಕಡೆಗಲ್ಲ, ಜೋಡಣೆಯ ಒಳಮುಖಕ್ಕೆ ತಿರುಗಿರಬೇಕು. ಪ್ಲಾಸ್ಟಿಕ್ ನಟ್ಟನ್ನು ಕೈಯಿಂದ ಬಿಗಿದು ಮೇಲೆ ಸ್ವಲ್ಪವೇ ಸ್ಪ್ಯಾನರ್ ತಿರುಗಿಸಿದರೆ ಸಾಕು. ತೆಳು ಹಿತ್ತಾಳೆಯ ಹಳೆಯ ಪೈಪು ಒಂದು ಕಡೆ ಸವೆದು ತೂತಾಗಿದ್ದರೆ ಉಳಿದ ಕಡೆಯೂ ಅದೇ ಸ್ಥಿತಿಯಲ್ಲಿರುತ್ತದೆ. ಹೀಗಿರುವಾಗ ತೇಪೆ ಹಾಕುವ ಬದಲು ಎಲ್ಬೋದಿಂದ ಟೀವರೆಗಿನ ಇಡೀ ಸೆಟ್ಟನ್ನು ಪ್ಲಾಸ್ಟಿಕ್‌ಗೆ ಬದಲಾಯಿಸುವುದು ಸೂಕ್ತ. ಕಿಂಡಿಯೇ ಇಲ್ಲದಿದ್ದರೆ ಹಿಂದಿನ ಗೋಡೆಯನ್ನು ಅಥವಾ ಕೆಳಗಿನ ಸೀಲಿಂಗನ್ನು ಕತ್ತರಿಸಬೇಕಾಗುತ್ತದೆ. ಈ ಕೆಲಸವನ್ನು ಪ್ಲಂಬರ್‌ಗೆ ಒಪ್ಪಿಸುವುದೇ ಲೇಸು. ಮೇಲೆ ಹೇಳಿದ ಪರೀಕ್ಷೆಗಳ ಫಲಿತಾಂಶವನ್ನು ಅವರ ಕೈಗಿತ್ತರೆ ಕತ್ತರಿಸುವ ಜಾಗ ಚಿಕ್ಕದಾಗುತ್ತದೆ.

ದುರಸ್ತಿಯ ನಂತರ

ಸೋರಿಕೆ ತೋರಿಸಿದ ಪರೀಕ್ಷೆಯನ್ನೇ, ಅದೇ ಮಟ್ಟದ ನೀರಿನಲ್ಲಿ, ಒಬ್ಬರನ್ನು ಕೂರಿಸಿ ಮತ್ತೊಮ್ಮೆ ಮಾಡಿ ನೋಡಬೇಕು; ಬೇರೆ ಪರೀಕ್ಷೆಯಲ್ಲಿ ಒಣಗಿದ್ದರೆ ಅದು ಪುರಾವೆಯಲ್ಲ. ಇನ್ನಷ್ಟು ಆಳದ ನೀರಿನಲ್ಲಿ ಮುಳುಗಬೇಕೆಂದು ಓವರ್‌ಫ್ಲೋವನ್ನು ಮುಚ್ಚುವ ರಬ್ಬರ್ ಮುಚ್ಚಳಗಳನ್ನು ಬಳಸುವವರು, ಆ ಮುಚ್ಚಳ ಇರುವಾಗ ನಲ್ಲಿ ಬಿಟ್ಟು ಕದಲಬಾರದು. ಟಬ್ಬಿನ ಹಿಂದಿನ ಒದ್ದೆ ಮರ ಮತ್ತು ಹಲಗೆಗಳನ್ನು ಕಿಂಡಿ ತೆರೆದಿಟ್ಟು ಫ್ಯಾನ್ ಗಾಳಿಯಲ್ಲಿ 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವ ಸಾಧ್ಯತೆ ಕಡಿಮೆ. ಸೀಲಿಂಗ್‌ನೊಳಗೆ ಉಳಿದ ನೀರು ಹೊರಬರುವಾಗ ಕಲೆ ಪೆನ್ಸಿಲ್ ಗೆರೆಯನ್ನು ಸ್ವಲ್ಪ ದಾಟಬಹುದು, ಅದನ್ನು ಕಂಡು ದುರಸ್ತಿ ವಿಫಲವಾಯಿತೆಂದು ತೀರ್ಮಾನಿಸಬಾರದು. ಹೊಸ ಗೆರೆ ಎಳೆದು, ಟಬ್ಬನ್ನು ಎಂದಿನಂತೆ ಬಳಸುತ್ತಾ ಕೆಲವು ದಿನ ನೋಡಬೇಕು. ಕಲೆ ಪೂರ್ತಿ ಒಣಗಿದ ಮೇಲೆ, ಕಲೆ ತಡೆಯುವ ಪ್ರೈಮರ್ ಹೊಡೆದು ಅನಂತರ ಬಣ್ಣ ಬಳಿಯಬೇಕು, ಏಕೆಂದರೆ ಸಾಮಾನ್ಯ ಬಣ್ಣವನ್ನು ನೇರವಾಗಿ ಹಚ್ಚಿದರೆ ಕಂದು ಗುರುತು ಅದರ ಮೂಲಕ ಮತ್ತೆ ಮೇಲಕ್ಕೆ ಬರುತ್ತದೆ.